ಮೇ ತಿಂಗಳ ಸೆಕೆಗೂ ತಾಳುವ ಓವರ್‌ಕ್ಲಾಕಿಂಗ್: ರೈಜೆನ್ 5600 ಇಟ್ಟುಕೊಂಡವರಿಗೆ ಮೊದಲ ಪಾಠ

ಓವರ್‌ಕ್ಲಾಕ್ ಮಾಡಬೇಕು, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ವೇಗವಾಗಿ ಪ್ರೊಸೆಸರ್ ಓಡಿಸಬೇಕು ಅಂತ ಬರುವ ಹುಡುಗರನ್ನು ನಾನು ಮೊದಲು ಕೇಳುವುದು ಒಂದೇ: ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಕೋಣೆಯಲ್ಲಿ ಎಷ್ಟು ಡಿಗ್ರಿ ಇರುತ್ತದೆ? ಕಲಬುರಗಿಯಲ್ಲಿ ಹೊರಗೆ 42 ಇರುವ ದಿನ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ 38ರಲ್ಲಿದ್ದರೆ ಅದೇ ಪುಣ್ಯ. ಡಿಸೆಂಬರ್ ರಾತ್ರಿ ಅದೇ ಕೋಣೆ 22ಕ್ಕೆ ಇಳಿದಿರುತ್ತದೆ. ಫ್ಯಾನಿನಿಂದ ತಣಿಸುವ ಕೂಲರ್ ಎಷ್ಟೇ ದುಬಾರಿಯದಿದ್ದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆಯ ಗಾಳಿಯ ಮೇಲೆ ಇಷ್ಟು ಡಿಗ್ರಿ ಅಂತಲೇ ಅದರ ಲೆಕ್ಕ. ಡಿಸೆಂಬರಿನಲ್ಲಿ 70 ತೋರಿಸಿದ ಚಿಪ್ ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ 86ರ ಹತ್ತಿರ ತೋರಿಸುತ್ತದೆ. ಎಸಿ ಕೋಣೆಯಲ್ಲಿ ಕೂತವರ ವಿಡಿಯೊ ನೋಡಿ ಅವರ ಅಂಕಿಗಳನ್ನು ಹಾಗೇ ಬಯಾಸಿಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗಕ್ಕೆ) ತುಂಬಿದರೆ, ಇಲ್ಲಿನ ಬೇಸಿಗೆಯಲ್ಲಿ ಆ ಯಂತ್ರ ನಿಲ್ಲುವುದಿಲ್ಲ.

ನನ್ನದು ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಇವರೇ ಹೆಚ್ಚಿನ ಗಿರಾಕಿಗಳು. ಇಲ್ಲಿ ಹೇಳುವುದೆಲ್ಲ ಅಂಗಡಿಯ ಮೇಜಿನ ಮೇಲಿರುವ ಒಂದೇ ಯಂತ್ರವನ್ನು ಇಟ್ಟುಕೊಂಡು: ಎಎಂಡಿ ರೈಜೆನ್ 5 5600, ಎಂಎಸ್‌ಐನ ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್, ನಾಲ್ಕು ಹೀಟ್‌ಪೈಪಿನ ಟವರ್ ಕೂಲರ್. ಆರು ಕೋರ್, ಹನ್ನೆರಡು ಥ್ರೆಡ್. ಕಂಪನಿ ಹೇಳುವ ಮೂಲ ವೇಗ 3.5 ಗಿಗಾಹರ್ಟ್ಸ್, ಬೂಸ್ಟ್ (ಚಿಪ್ ತಾನೇ ಏರಬಲ್ಲ ಗರಿಷ್ಠ ವೇಗ) 4.4. ಗರಿಷ್ಠ ತಾಪಮಾನ 90 ಡಿಗ್ರಿ. ವಿದ್ಯಾರ್ಥಿಗಳ ಬಜೆಟ್ಟಿನಲ್ಲಿ ಹೆಚ್ಚಾಗಿ ಕೂರುವ ಚಿಪ್ ಇದು, ಅದಕ್ಕೇ ಆರಿಸಿದೆ.

ಎಷ್ಟು ಸಿಗುತ್ತದೆ

"ಅಣ್ಣಾ, ಇದು ಐದಕ್ಕ ಹೋಗ್ತದೇನು?" ಅಂತ ಐದು ಗಿಗಾಹರ್ಟ್ಸಿನ ಆಸೆಯಿಂದ ಕೇಳುತ್ತಾರೆ. ಹೋಗುವುದಿಲ್ಲ. 1998ರಲ್ಲಿ ಇಂಟೆಲಿನ ಸೆಲೆರಾನ್ 300ಎ ಅಂತ ಒಂದು ಅಗ್ಗದ ಚಿಪ್ ಬಂದಿತ್ತು. ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಬದಲಾಯಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಕೊಟ್ಟ ದುಡ್ಡಿಗೆ ಒಂದೂವರೆ ಪಟ್ಟು ವೇಗ. ಓವರ್‌ಕ್ಲಾಕಿಂಗ್ ಬಗ್ಗೆ ಇವತ್ತಿಗೂ ಉಳಿದಿರುವ ಆಸೆ ಆ ಕಾಲದ್ದು. ಈಗಿನ ಪ್ರೊಸೆಸರುಗಳು ತಾಪಮಾನ, ಕರೆಂಟು, ವೋಲ್ಟೇಜು ಮೂರನ್ನೂ ಕ್ಷಣಕ್ಷಣಕ್ಕೆ ಅಳೆದುಕೊಂಡು 25 ಮೆಗಾಹರ್ಟ್ಸಿನ ಮೆಟ್ಟಿಲುಗಳಲ್ಲಿ ತಾವೇ ಏರಿಳಿಯುತ್ತವೆ. ಕಂಪನಿಯವರೇ ಬಹುಪಾಲು ಹಿಂಡಿ ತೆಗೆದಿರುತ್ತಾರೆ. ನಮ್ಮ ಪಾಲಿಗೆ ಉಳಿದಿರುವುದು ನೂರಕ್ಕೆ ಮೂರೋ ಐದೋ.

ಅಷ್ಟಕ್ಕಾಗಿ ಯಾಕೆ ಮಾಡಬೇಕು? ರಾತ್ರಿಯಿಡೀ ರೆಂಡರ್ ಹಾಕಿ ಮಲಗುವ ಸ್ಟುಡಿಯೊದವರಿಗೆ ಅದೇ ವಿದ್ಯುತ್ತಿನಲ್ಲಿ ಸ್ವಲ್ಪ ಬೇಗ ಕೆಲಸ ಮುಗಿಯುತ್ತದೆ, ಇಲ್ಲವೇ ಅದೇ ವೇಗಕ್ಕೆ ಬಿಸಿ ಕಡಿಮೆಯಾಗಿ ಫ್ಯಾನ್ ಸದ್ದು ಇಳಿಯುತ್ತದೆ. ಕಲಿಯುವ ಹುಡುಗರಿಗೆ ಒಂದು ಚಿಪ್ ಹೇಗೆ ನಡೆಯುತ್ತದೆ ಅನ್ನುವುದು ಕೈಯಿಂದಲೇ ಗೊತ್ತಾಗುತ್ತದೆ. ಬರೀ ಗೇಮಿನಲ್ಲಿ ಫ್ರೇಮ್ ಹೆಚ್ಚಾಗಬೇಕು ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆ ಬಜೆಟ್ಟಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಆ ದುಡ್ಡನ್ನು ಅದಕ್ಕೆ ಹಾಕಿಕೊಳ್ಳಲಿ.

ಮೊದಲಿಗೆ ಒಂದು ಲೆಕ್ಕ ಮನಸ್ಸಿನಲ್ಲಿ ಕೂರಬೇಕು. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ, ವೋಲ್ಟೇಜಿನ ವಿಷಯಕ್ಕೆ ಬಂದರೆ ಅದರ ವರ್ಗದಷ್ಟು ಏರುತ್ತದೆ. 4.2 ಗಿಗಾಹರ್ಟ್ಸ್, 1.20 ವೋಲ್ಟಿನಲ್ಲಿ ಓಡುತ್ತಿರುವ ಚಿಪ್ಪನ್ನು 4.4ಕ್ಕೆ ಏರಿಸಲು 1.30 ವೋಲ್ಟ್ ಕೊಟ್ಟಿರಿ ಅಂದುಕೊಳ್ಳಿ. ವೇಗ ಏರಿದ್ದು ನೂರಕ್ಕೆ 5ರಷ್ಟೂ ಇಲ್ಲ, ಬಿಸಿ ಏರಿದ್ದು ನೂರಕ್ಕೆ 23ರಷ್ಟು. ಇದನ್ನೇ ತಿರುಗಿಸಿ ನೋಡಿ. ಅದೇ 4.2ರಲ್ಲಿ ವೋಲ್ಟೇಜನ್ನು 1.20ರಿಂದ 1.12ಕ್ಕೆ ಇಳಿಸಿದರೆ ವೇಗ ಒಂದಿಷ್ಟೂ ಕಳೆದುಕೊಳ್ಳದೆ ಬಿಸಿ ನೂರಕ್ಕೆ 13ರಷ್ಟು ಇಳಿಯುತ್ತದೆ. ಹಾಗಾಗಿ ನಮ್ಮ ಕಡೆಯ ಹವೆಯಲ್ಲಿ, ಮೊದಲ ಸಲ ಮಾಡುವವರು ಹಿಡಿಯಬೇಕಾದ ದಾರಿ ವೋಲ್ಟೇಜ್ ಇಳಿಸುವುದು. ಇಳಿಸಿದಾಗ ಉಳಿಯುವ ಜಾಗದಲ್ಲಿ ಚಿಪ್ ತಾನೇ ಮೇಲೇರುತ್ತದೆ.

ಕೈ ಹಾಕುವ ಮುಂಚೆ

ನಿಮ್ಮ ಬೋರ್ಡ್ ಇದಕ್ಕೆ ಒಪ್ಪುತ್ತದೆಯೇ ನೋಡಿ. 5600 ಕೂರುವ ಎಎಂ4 ಸಾಕೆಟ್ಟಿನಲ್ಲಿ ಬಿ450, ಬಿ550 ಮತ್ತು ಎಕ್ಸ್ ಸರಣಿಯ ಬೋರ್ಡುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬಹುದು. ಎ320, ಎ520ಗಳಲ್ಲಿ ಆಗುವುದಿಲ್ಲ. ಇಂಟೆಲಿನವರಾದರೆ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಬೋರ್ಡ್ ಎರಡೂ ಬೇಕು. ವಾರಂಟಿ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ: ಕಂಪನಿ ಗೊತ್ತುಮಾಡಿದ ಮಿತಿ ಮೀರಿ ಓಡಿಸಿದ್ದರಿಂದ ಕೆಟ್ಟರೆ ಅದು ವಾರಂಟಿಯೊಳಗೆ ಬರುವುದಿಲ್ಲ ಎಂದು ಎಎಂಡಿ ಸ್ಪಷ್ಟವಾಗಿ ಬರೆದಿದೆ. ಒಂದೇ ಕಂಪ್ಯೂಟರ್ ಇದ್ದು, ಅದರಲ್ಲೇ ಪ್ರಾಜೆಕ್ಟ್ ಸಲ್ಲಿಸಬೇಕಾದ ತಿಂಗಳು ಇದಾದರೆ ಇವತ್ತು ಮುಟ್ಟಬೇಡಿ.

ಈಗ ಕೂಲರ್. 5600ರ ಡಬ್ಬಿಯಲ್ಲೇ ಬರುವ ರೈತ್ ಸ್ಟೆಲ್ತ್ ಚಿಕ್ಕದು. ನಮ್ಮ ಬೇಸಿಗೆಯಲ್ಲಿ ಅದರ ಮೇಲೆ ಓವರ್‌ಕ್ಲಾಕ್ ಬೇಡವೇ ಬೇಡ. 120 ಮಿಲಿಮೀಟರ್ ಫ್ಯಾನಿನ, ನಾಲ್ಕು ಹೀಟ್‌ಪೈಪಿನ ಟವರ್ ಕೂಲರ್ ಒಂದಿದ್ದರೆ ಸಾಕು.

ಹಳೆಯ ಕೂಲರ್ ಬಿಚ್ಚುವ ಕೆಲಸವೇ ಈ ಇಡೀ ಪ್ರಕ್ರಿಯೆಯಲ್ಲಿ ಅತಿ ಅಪಾಯದ ಘಟ್ಟ, ಇದನ್ನು ವಿವರವಾಗಿ ಹೇಳುತ್ತೇನೆ. ಎಎಂ4 ಪ್ರೊಸೆಸರಿನಲ್ಲಿ ಪಿನ್ನುಗಳಿರುವುದು ಚಿಪ್ಪಿನ ಹೊಟ್ಟೆಗೆ. ಸಾಕೆಟ್ ಅದನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಒಣಗಿ ಅಂಟಿನ ಹಾಗೆ ಕಚ್ಚಿಕೊಂಡಿರುತ್ತದೆ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಲಿವರ್ ಮುಚ್ಚಿರುವಾಗಲೇ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಮೊದಲು ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು ಚಿಪ್ ಬಿಸಿ ಮಾಡಿ. ಷಟ್‌ಡೌನ್ ಮಾಡಿ, ಪ್ಲಗ್ ಕೀಳಿ. ಪೇಸ್ಟ್ ಇನ್ನೂ ಬೆಚ್ಚಗಿರುವಾಗಲೇ ಸ್ಕ್ರೂ ಬಿಚ್ಚಿ, ಕೂಲರನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತಿರುವುತ್ತಾ ಬನ್ನಿ. ಹಿಡಿತ ಬಿಟ್ಟದ್ದು ಕೈಗೇ ತಿಳಿಯುತ್ತದೆ. ಆಮೇಲೆ ಎತ್ತಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಚಿಪ್ಪಿನ ನಡುವೆ ಬಟಾಣಿ ಗಾತ್ರದಷ್ಟು ಹಾಕಿದರೆ ಸಾಕು. ಹೊಸ ಕೂಲರಿನ ತಳಕ್ಕಿರುವ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿಕೊಳ್ಳಿ. "ವರ್ಷದಿಂದ ಬಿಸಿಯಾಗ್ತದ್ರಿ" ಅಂತ ಬಂದ ಯಂತ್ರಗಳಲ್ಲಿ ಆ ಹಾಳೆ ಹಾಗೇ ಇದ್ದುದನ್ನು ಕಂಡಿದ್ದೇನೆ.

ದೂಳಿನ ಬಗ್ಗೆ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ತೊಗರಿ ರಾಶಿ ಮಾಡುವ ಕಾಲ ಮುಗಿಯುವ ಹೊತ್ತಿಗೆ ಹಳ್ಳಿಗಳಿಂದ ಬರುವ ಯಂತ್ರಗಳ ಕೂಲರಿನಲ್ಲಿ ರೆಕ್ಕೆಗಳ ನಡುವೆ ಬೆಳಕೇ ಕಾಣುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಬಾರದು.

ಕ್ಯಾಬಿನೆಟ್ಟಿನ ಜೊತೆಗೇ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು 80 ಪ್ಲಸ್ ಪ್ರಮಾಣಪತ್ರವಿರುವ ಒಳ್ಳೆಯ ಕಂಪನಿಯದೊಂದು ಹಾಕಿಸಿ. ಇದರಲ್ಲಿ ನಾನು ಯಾರ ಜೊತೆಗೂ ಚೌಕಾಸಿ ಮಾಡುವುದಿಲ್ಲ.

ಯುಪಿಎಸ್ ಕೂಡ ಬೇಕು. ಬಯಾಸ್ ಅಪ್‌ಡೇಟ್ ಆಗುವಾಗ ಕರೆಂಟು ಹೋದರೆ ಬೋರ್ಡ್ ಏಳದೇ ಹೋಗಬಹುದು. ಬಯಾಸ್ ಅಪ್‌ಡೇಟಿಗೆ 600 ವಿಎಯ ಸಾಮಾನ್ಯ ಯುಪಿಎಸ್ ಧಾರಾಳವಾಗಿ ಸಾಕು. ಆದರೆ ಅದರ ನಿಜವಾದ ಶಕ್ತಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಟ್ಟಿಗೆ ಪೂರ್ತಿ ಹೊರೆ ಬಿದ್ದಾಗ ಕರೆಂಟು ಹೋದರೆ ಅದು ಹೊರಲಾರದೆ ಕೈಬಿಡಬಹುದು. ಆಗ ಯಂತ್ರ ಆಫ್ ಆದದ್ದು ಓವರ್‌ಕ್ಲಾಕಿನಿಂದಲೋ ಯುಪಿಎಸ್‌ನಿಂದಲೋ ಎಂದು ಗೊಂದಲಕ್ಕೆ ಬೀಳಬೇಡಿ.

ಬಯಾಸನ್ನು ಹೊಸದಕ್ಕೆ ಏರಿಸಿಕೊಂಡೇ ಮುಂದುವರಿಯಬೇಕು ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. 2023ರಲ್ಲಿ ರೈಜೆನ್ 7000 ಸರಣಿಯ ಕೆಲವು ಎಕ್ಸ್3ಡಿ ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟವು. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೊ ಆನ್ ಮಾಡಿದಾಗ ಎಸ್‌ಒಸಿ ವೋಲ್ಟೇಜು (ಚಿಪ್ಪಿನೊಳಗೆ ಮೆಮೊರಿ ನಡೆಸುವ ಭಾಗದ್ದು) ಅಗತ್ಯಕ್ಕಿಂತ ಮೇಲೇರುತ್ತಿತ್ತು. ಎಎಂಡಿ ಹೊಸ ಬಯಾಸುಗಳಲ್ಲಿ ಅದನ್ನು 1.3 ವೋಲ್ಟಿಗೆ ಕಟ್ಟಿಹಾಕಿತು. 2024ರಲ್ಲಿ ಇಂಟೆಲಿನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಹೆಚ್ಚಿನ ವೋಲ್ಟೇಜಿನಿಂದ ಸವೆದು ಕ್ರ್ಯಾಶ್ ಆಗತೊಡಗಿದಾಗ, ಇಂಟೆಲ್ ಕೂಡ ಮೈಕ್ರೊಕೋಡ್ (ಚಿಪ್ಪಿನೊಳಗಿನ ಮೂಲ ಸೂಚನೆಗಳು) ಬದಲಿಸಿ ಬಯಾಸಿನ ಮೂಲಕ ಪರಿಹಾರ ಕಳಿಸಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಎರಡೂ ಕಡೆ ಚಿಪ್ಪಿಗೆ ಪೆಟ್ಟು ಕೊಟ್ಟದ್ದು ವೋಲ್ಟೇಜು.

ಮೊದಲು ಈಗಿರುವ ಸ್ಥಿತಿ ಬರೆದಿಡಿ

ಏನನ್ನೂ ಬದಲಿಸದೆ ಒಂದು ಸಲ ಅಳೆಯಿರಿ. ತಾಪಮಾನ, ವೋಲ್ಟೇಜು ತೋರಿಸುವ ಎಚ್‌ಡಬ್ಲ್ಯೂ ಇನ್ಫೊ 64 ಹಾಕಿಕೊಂಡು ಸೆನ್ಸರ್ ಕಿಟಕಿ ತೆರೆದಿಡಿ, ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23ರಲ್ಲಿ ಹತ್ತು ನಿಮಿಷದ ಮಲ್ಟಿ ಕೋರ್ ಪರೀಕ್ಷೆ ಓಡಿಸಿ. ಕೋಣೆಯ ತಾಪಮಾನ, ಚಿಪ್ಪಿನ ಗರಿಷ್ಠ ತಾಪಮಾನ, ಪ್ಯಾಕೇಜ್ ಪವರ್ (ಇಡೀ ಚಿಪ್ ತಿನ್ನುವ ವ್ಯಾಟ್), ಎಫೆಕ್ಟಿವ್ ಕ್ಲಾಕ್ (ನಿಜಕ್ಕೂ ಓಡಿದ ವೇಗ), ಸ್ಕೋರ್, ಐದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಂಗಡಿಯ ಯಂತ್ರದಲ್ಲಿ 31 ಡಿಗ್ರಿ ಕೋಣೆಗೆ 72 ಡಿಗ್ರಿ, 76 ವ್ಯಾಟ್, 4.25 ಗಿಗಾಹರ್ಟ್ಸ್ ಬಂತು. 76 ವ್ಯಾಟ್ ಅನ್ನುವುದು ಪಿಪಿಟಿ ಎಂಬ ವಿದ್ಯುತ್ ಮಿತಿ, 65 ವ್ಯಾಟ್ ಟಿಡಿಪಿಯ (ಕಂಪನಿ ಹೇಳುವ ಬಿಸಿಯ ಅಂದಾಜು) ಈ ಚಿಪ್ ಅದನ್ನು ದಾಟುವುದಿಲ್ಲ. ಹೀಗೆ ಮಿತಿಗೆ ತಾಗಿ ನಿಂತಿದೆ ಅಂದರೆ, ವೋಲ್ಟೇಜ್ ಇಳಿಸಿದಷ್ಟೂ ವೇಗಕ್ಕೆ ಜಾಗ ಸಿಗುತ್ತದೆ.

ಯಾವ ಬದಲಾವಣೆಯನ್ನೂ ಮಾಡದೆಯೇ ಇಲ್ಲಿ 85 ದಾಟುತ್ತಿದ್ದರೆ ಮುಂದೆ ಹೋಗಬೇಡಿ. ಕೂಲರ್, ಪೇಸ್ಟ್, ಕ್ಯಾಬಿನೆಟ್ ಫ್ಯಾನುಗಳ ದಿಕ್ಕು, ಇವನ್ನು ಸರಿಮಾಡಿ.

ರ‍್ಯಾಮ್ ಮೊದಲು

ಡಿಡಿಆರ್4-3200 ರ‍್ಯಾಮ್ ಕೊಂಡು ವರ್ಷಗಟ್ಟಲೆ 2133ರಲ್ಲೋ 2400ರಲ್ಲೋ ಓಡಿಸುತ್ತಿರುವವರು ಬಹಳ ಜನ. ಬಯಾಸಿನಲ್ಲಿ ಎಕ್ಸ್‌ಎಂಪಿ (ಡಬ್ಬಿಯ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಅನೇಕ ರ‍್ಯಾಮುಗಳು ಅಷ್ಟಕ್ಕೇ ನಿಲ್ಲುತ್ತವೆ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯಾಸಿಗೆ ಹೋಗಿ, ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡಿ. ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ, ಆಸುಸಿನಲ್ಲಿ ಡಿ.ಒ.ಸಿ.ಪಿ. ಎಂದು ಕಾಣಬಹುದು. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಎಷ್ಟೋ ಜನರಿಗೆ ಇಡೀ ಓವರ್‌ಕ್ಲಾಕಿನಿಂದ ಸಿಗುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಇದೊಂದರಿಂದಲೇ ಕಾಣುತ್ತದೆ.

ಇದಾದ ಮೇಲೆ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಬೂಟ್ ಮಾಡಿ, ನಾಲ್ಕು ಪಾಸ್ (ಪರೀಕ್ಷೆಯ ಸುತ್ತು) ಮುಗಿಯುವ ತನಕ ಬಿಡಿ. ಒಂದೇ ಒಂದು ಕೆಂಪು ಎರರ್ ಬಂದರೂ ಒಪ್ಪಿಕೊಳ್ಳಬೇಡಿ. ಕೆಟ್ಟ ರ‍್ಯಾಮ್ ಸೆಟ್ಟಿಂಗ್ ಸದ್ದಿಲ್ಲದೆ ಫೈಲುಗಳನ್ನು ಹಾಳುಮಾಡುತ್ತದೆ. ಮದುವೆಯ ಫೂಟೇಜ್ ಇನ್ನೊಂದು ಸಲ ತೆಗೆಯಲು ಬರುವುದಿಲ್ಲ. ರ‍್ಯಾಮ್ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೇ ಪ್ರೊಸೆಸರಿಗೆ ಬರಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕ್ರ್ಯಾಶ್ ಆದಾಗ ಯಾರನ್ನು ಹಿಡಿಯಬೇಕು ಅಂತ ತಿಳಿಯುವುದಿಲ್ಲ.

ಕರ್ವ್ ಆಪ್ಟಿಮೈಜರ್

ರೈಜೆನ್ 5000 ಸರಣಿಯಲ್ಲಿ ಬಂದ ಸೌಲಭ್ಯ ಇದು. ಪ್ರತಿ ವೇಗಕ್ಕೆ ಇಷ್ಟು ವೋಲ್ಟೇಜ್ ಅಂತ ಚಿಪ್ಪಿನೊಳಗೆ ಒಂದು ಪಟ್ಟಿ ಇರುತ್ತದೆ. ಕಂಪನಿ ಅದರಲ್ಲಿ ಸುರಕ್ಷತೆಗೆಂದು ಸ್ವಲ್ಪ ಹೆಚ್ಚಿಗೆ ಸೇರಿಸಿರುತ್ತದೆ. ಆ ಹೆಚ್ಚುವರಿಯಲ್ಲಿ ಒಂದಷ್ಟನ್ನು ನಾವು ವಾಪಸು ತೆಗೆದುಕೊಳ್ಳುತ್ತೇವೆ. ಒಂದು ಅಂಕಿ ಇಳಿಸಿದರೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ, ಗರಿಷ್ಠ 30 ಅಂಕಿ.

ಎಂಎಸ್‌ಐ ಬಿ550ರಲ್ಲಿ ದಾರಿ ಹೀಗೆ: ಎಫ್7 ಒತ್ತಿ ಅಡ್ವಾನ್ಸ್‌ಡ್ ಮೋಡ್, ಒಸಿ, ಅಡ್ವಾನ್ಸ್‌ಡ್ ಸಿಪಿಯು ಕಾನ್ಫಿಗರೇಶನ್, ಎಎಂಡಿ ಓವರ್‌ಕ್ಲಾಕಿಂಗ್, ಎಚ್ಚರಿಕೆ ಓದಿ ಅಕ್ಸೆಪ್ಟ್, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ (ಪಿಬಿಒ), ಅಡ್ವಾನ್ಸ್‌ಡ್. ಇಲ್ಲಿ ಪಿಬಿಒ ಲಿಮಿಟ್ಸ್ ಅನ್ನು ಆಟೊದಲ್ಲಿ ಬಿಡಬೇಡಿ. ಹಾಗೆ ಬಿಟ್ಟರೆ ಕೆಲವು ಬೋರ್ಡುಗಳು ತಮ್ಮದೇ ದೊಡ್ಡ ಮಿತಿ ಹಾಕಿಬಿಡುತ್ತವೆ. ಮ್ಯಾನ್ಯುಯಲ್ ಮಾಡಿ ಪಿಪಿಟಿ 76, ಕರೆಂಟಿನ ಮಿತಿಗಳಾದ ಟಿಡಿಸಿ 60, ಇಡಿಸಿ 90 ಅಂತ ಕಂಪನಿಯ ಅಂಕಿಗಳನ್ನೇ ತುಂಬಿ. ಥರ್ಮಲ್ ಥ್ರಾಟಲ್ ಲಿಮಿಟ್ ಕೂಡ ಮ್ಯಾನ್ಯುಯಲ್ ಮಾಡಿ 85 ಕೊಡಿ. ಅದಕ್ಕಿಂತ ಬಿಸಿಯಾಗುವ ಮೊದಲೇ ಚಿಪ್ ವೇಗ ಇಳಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನಿಮ್ಮನ್ನು ಕಾಯುವುದು ಈ ಒಂದು ಸಾಲು. ಬೂಸ್ಟ್ ಓವರ್‌ರೈಡ್ ಸೊನ್ನೆಯಲ್ಲೇ ಇರಲಿ, 200 ಮೆಗಾಹರ್ಟ್ಸಿನ ಆಸೆ ಮೊದಲ ದಿನವೇ ಬೇಡ.

ಆಮೇಲೆ ಕರ್ವ್ ಆಪ್ಟಿಮೈಜರ್ ತೆರೆದು ಆಲ್ ಕೋರ್ಸ್, ನೆಗೆಟಿವ್, 10 ಎಂದು ಕೊಡಿ. ಎಫ್10 ಒತ್ತಿ ಸೇವ್ ಮಾಡಿ. ಸಿನೆಬೆಂಚ್ ಓಡಿಸಿ ನೋಟ್‌ಬುಕ್ಕಿಗೆ ಇನ್ನೊಂದು ಸಾಲು. ಎರಡು ಮೂರು ದಿನ ನಿಮ್ಮ ಮಾಮೂಲಿ ಕೆಲಸ ಮಾಡಿ. ಸರಿ ಅನಿಸಿದರೆ 15, ಆಮೇಲೆ 20. ಅಂಗಡಿಯ ಚಿಪ್ 20ರಲ್ಲಿ ನಿಂತಿದೆ, 76 ವ್ಯಾಟಿನಲ್ಲೇ 4.4ರ ಹತ್ತಿರ ಓಡುತ್ತಿದೆ. ನಿಮ್ಮದು 12ಕ್ಕೇ ನಿಲ್ಲಬಹುದು, 28ಕ್ಕೂ ಹೋಗಬಹುದು. ಒಂದೇ ಡಬ್ಬಿಯ ಹೆಸರಿರುವ ಎರಡು ಚಿಪ್ಪುಗಳೂ ಒಂದೇ ತರಹ ಇರುವುದಿಲ್ಲ, ಗೆಳೆಯನ ಅಂಕಿ ನಿಮಗೆ ಬೇಡ.

ನೋಡುವಾಗ ಬರೀ ಗಿಗಾಹರ್ಟ್ಸ್ ನಂಬಬೇಡಿ. ವೋಲ್ಟೇಜ್ ತೀರಾ ಕಡಿಮೆಯಾದಾಗ ಚಿಪ್ ಒಳಗೊಳಗೇ ಕ್ಲಾಕನ್ನು ಹಿಗ್ಗಿಸಿಕೊಂಡು ಬದುಕಿಕೊಳ್ಳುತ್ತದೆ. ಪರದೆಯ ಮೇಲೆ 4.4 ಕಾಣುತ್ತಿರುತ್ತದೆ, ಕೆಲಸ ಅಷ್ಟು ಆಗುತ್ತಿರುವುದಿಲ್ಲ. ಸ್ಕೋರ್ ಏರುತ್ತಿದೆಯೇ, ಎಫೆಕ್ಟಿವ್ ಕ್ಲಾಕ್ ಜೊತೆಗೆ ಏರುತ್ತಿದೆಯೇ ನೋಡಿ.

ಸುಮ್ಮನಿದ್ದಾಗ ಬೀಳುವ ಯಂತ್ರ

ಹೊಸಬರು ಹೆಚ್ಚಾಗಿ ಎಡವುವುದು ಪರೀಕ್ಷೆಯಲ್ಲಿ. ಸಿನೆಬೆಂಚ್ ಒಂದು ಗಂಟೆ ಓಡಿತು, ಪ್ರೊಸೆಸರಿಗೆ ಭಾರೀ ಹೊರೆ ಕೊಡುವ ಪ್ರೈಮ್95 ಕೂಡ ಓಡಿತು, ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಮರುದಿನ ಬ್ರೌಸರ್ ತೆರೆದಾಗ, ಇಲ್ಲವೇ ಚಹಾ ಕುಡಿಯಲು ಎದ್ದು ಹೋದಾಗ ಯಂತ್ರ ತಾನೇ ರೀಸ್ಟಾರ್ಟ್ ಆಗಿರುತ್ತದೆ. ಕಾರಣವಿದೆ. ಎಲ್ಲ ಕೋರುಗಳಿಗೂ ಹೊರೆ ಬಿದ್ದಾಗ ವಿದ್ಯುತ್ ಮಿತಿಯಿಂದ ವೇಗ ಕೆಳಗಿರುತ್ತದೆ. ಒಂದೇ ಕೋರಿಗೆ ಚಿಕ್ಕ ಕೆಲಸ ಬಿದ್ದಾಗ ಅದು ಅತಿ ಎತ್ತರದ ವೇಗಕ್ಕೆ ಜಿಗಿಯುತ್ತದೆ, ನಾವು ಕತ್ತರಿಸಿದ ವೋಲ್ಟೇಜ್ ಸಾಲದೆ ಬರುವುದು ಅಲ್ಲೇ.

ಇದಕ್ಕೆಂದೇ ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಇದೆ. ಅದು ಪ್ರೈಮ್95ನ್ನು ಒಂದೊಂದೇ ಕೋರಿನ ಮೇಲೆ ಸರದಿಯಂತೆ ಓಡಿಸಿ, ಯಾವ ಕೋರ್ ತಪ್ಪಿತು ಎಂದು ಹೇಳುತ್ತದೆ. ಒಂದು ಇಡೀ ರಾತ್ರಿ ಬಿಡಿ. ಕೋರ್ 3 ತಪ್ಪಿದರೆ ಆಲ್ ಕೋರ್ಸ್ ಬಿಟ್ಟು ಪರ್ ಕೋರ್ ಆರಿಸಿ, ಆ ಒಂದನ್ನು ಮಾತ್ರ 20ರಿಂದ 15ಕ್ಕೆ ತನ್ನಿ. ಚಿಪ್ಪಿನ ಅತ್ಯುತ್ತಮ ಕೋರುಗಳೇ ಹೆಚ್ಚಾಗಿ ಮೊದಲು ಸೋಲುತ್ತವೆ, ಅವು ಮೊದಲೇ ಕಡಿಮೆ ವೋಲ್ಟೇಜಿನಲ್ಲಿ ಎತ್ತರಕ್ಕೆ ಹೋಗುವಂಥವು. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಸಿಸ್ಟಮ್ ಲಾಗ್ ತೆರೆದು ಡಬ್ಲ್ಯೂಎಚ್‌ಇಎ-ಲಾಗರ್ ಹೆಸರಿನ ಸಾಲುಗಳನ್ನೂ ಹುಡುಕಿ. 18 ಎಂಬ ಸಂಖ್ಯೆ ಇದ್ದರೆ ರೀಸ್ಟಾರ್ಟ್ ಆದದ್ದು ಹಾರ್ಡ್‌ವೇರ್ ತಪ್ಪಿನಿಂದ. 19 ಇದ್ದರೆ ತಪ್ಪಾಯಿತು, ಚಿಪ್ ತಾನೇ ತಿದ್ದಿಕೊಂಡಿತು. 19 ಕಂಡರೂ ಸುಮ್ಮನಿರಬೇಡಿ, ಎರಡು ಅಂಕಿ ಹಿಂದೆ ಬನ್ನಿ.

ಸೇವ್ ಮಾಡಿದ ಮೇಲೆ ಪರದೆಯೇ ಬಾರದಿದ್ದರೆ ಗಾಬರಿ ಬೇಡ. ಕೆಲವು ಸಲ ಬೋರ್ಡ್ ತಾನೇ ಪ್ರಯತ್ನಿಸಿ ಹಳೆಯದಕ್ಕೆ ಮರಳುತ್ತದೆ, ಎರಡು ನಿಮಿಷ ಕಾಯಿರಿ. ಬರಲಿಲ್ಲವಾದರೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಖಾಲಿ ಮಾಡಿ, ಬೋರ್ಡಿನ ಮ್ಯಾನ್ಯುಯಲ್ಲಿನಲ್ಲಿ ತೋರಿಸಿರುವ ಸಿಮಾಸ್ ಕ್ಲಿಯರ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡು ಸೇರಿಸಿ ಹಿಡಿಯಿರಿ. ಇಲ್ಲವೇ ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಡಿ. ಬಯಾಸ್ ಹೊಸದರಂತೆ ಆಗುತ್ತದೆ.

1.45 ವೋಲ್ಟ್ ಎಂಬ ಬಲೆ

ಎಚ್‌ಡಬ್ಲ್ಯೂ ಇನ್ಫೊದಲ್ಲಿ ಖಾಲಿ ಕೂತ ಯಂತ್ರ ಆಗಾಗ 1.4, 1.45 ವೋಲ್ಟ್ ತೋರಿಸುತ್ತದೆ. ಅದನ್ನು ನೋಡಿದ ಹುಡುಗರು, ಕಂಪನಿಯೇ ಅಷ್ಟು ಕೊಡುತ್ತದೆಯಲ್ಲ, ನಾನೂ ಎಲ್ಲ ಕೋರುಗಳಿಗೆ 4.6 ಗಿಗಾಹರ್ಟ್ಸ್, 1.4 ವೋಲ್ಟ್ ಅಂತ ಸ್ಥಿರವಾಗಿ ಕೂರಿಸುತ್ತೇನೆ ಅನ್ನುತ್ತಾರೆ. ದಯವಿಟ್ಟು ಬೇಡ. ಚಿಪ್ ಅಷ್ಟು ಎತ್ತರಕ್ಕೆ ಹೋಗುವುದು ಒಂದೆರಡು ಕೋರಿಗೆ ಕೆಲಸವಿರುವಾಗ, ಹರಿಯುವ ಕರೆಂಟು ಕಡಿಮೆ ಇರುವಾಗ, ಕ್ಷಣಮಾತ್ರ. ಭಾರ ಬಿದ್ದ ಕೂಡಲೇ ತಾನೇ 1.2ರ ಆಸುಪಾಸಿಗೆ ಇಳಿಯುತ್ತದೆ. ನೀವು ಸ್ಥಿರವಾಗಿ ಕೂರಿಸಿದರೆ ಆ ಇಳಿಯುವ ಬುದ್ಧಿಯನ್ನೇ ಕಿತ್ತುಹಾಕಿದಂತೆ. ಆರೂ ಕೋರುಗಳಿಗೆ ಪೂರ್ತಿ ಕರೆಂಟು, ಪೂರ್ತಿ ವೋಲ್ಟೇಜು, ಗಂಟೆಗಟ್ಟಲೆ. ಚಿಪ್ ಅಂದೇ ಸುಡುವುದಿಲ್ಲ, ತಿಂಗಳುಗಳಲ್ಲಿ ಸವೆಯುತ್ತದೆ, ಮೊದಲು 1.25ಕ್ಕೆ ನಿಲ್ಲುತ್ತಿದ್ದ ವೇಗಕ್ಕೆ 1.3 ಬೇಕಾಗುತ್ತದೆ. ಕಲಿಯುವವರಿಗೆ ಸ್ಥಿರ ವೇಗದ ದಾರಿಯನ್ನು ನಾನು ತೋರಿಸುವುದೇ ಇಲ್ಲ.

ಬೇಸಿಗೆಗೊಂದು, ಚಳಿಗೊಂದು

ಅಂಗಡಿಯ ಯಂತ್ರದಲ್ಲಿ ಎರಡು ಪ್ರೊಫೈಲ್ ಇಟ್ಟಿದ್ದೇನೆ. ಒಂದರಲ್ಲಿ ಪಿಪಿಟಿ 76, ಇನ್ನೊಂದರಲ್ಲಿ 65. ಕರ್ವ್ ಎರಡರಲ್ಲೂ ಒಂದೇ. ಹೋಳಿ ಮುಗಿದ ಮೇಲೆ 65ರದ್ದನ್ನು ಹಾಕುತ್ತೇನೆ, ಮಳೆ ಹಿಡಿದ ಮೇಲೆ 76ಕ್ಕೆ ಮರಳುತ್ತೇನೆ. ವೋಲ್ಟೇಜ್ ಇಳಿಸಿರುವುದರಿಂದ 65 ವ್ಯಾಟಿನಲ್ಲೂ ಮೊದಲಿನ ವೇಗಕ್ಕೆ ಹೇಳಿಕೊಳ್ಳುವಂಥ ಕೊರತೆಯಿಲ್ಲ, 39 ಡಿಗ್ರಿ ಕೋಣೆಯಲ್ಲೂ ರೆಂಡರ್ 80ರೊಳಗೆ ಮುಗಿಯುತ್ತದೆ. ಚಳಿಗಾಲದಲ್ಲಿ ಮಾಡಿದ ಸೆಟ್ಟಿಂಗನ್ನು ಏಪ್ರಿಲಿನ ಒಂದು ಮಧ್ಯಾಹ್ನ ಕೋಣೆಯ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ಮತ್ತೆ ಪರೀಕ್ಷಿಸಿ. ಬಿಸಿ ಏರಿದಂತೆ ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಡಿಸೆಂಬರಿನಲ್ಲಿ ಗಟ್ಟಿಯಿದ್ದ 20 ಆಗ 17 ಆಗಬಹುದು.

ಬಯಾಸ್ ಅಪ್‌ಡೇಟ್ ಮಾಡಿದಾಗ ಈ ಪ್ರೊಫೈಲುಗಳು ಅಳಿಸಿಹೋಗುತ್ತವೆ, ಪೆನ್‌ಡ್ರೈವಿನಲ್ಲಿ ಉಳಿಸಿದ್ದನ್ನೂ ಹೊಸ ಬಯಾಸ್ ಒಪ್ಪದಿರಬಹುದು. ಎಫ್12 ಒತ್ತಿದರೆ ಬಯಾಸ್ ಪುಟದ ಚಿತ್ರ ಪೆನ್‌ಡ್ರೈವಿಗೆ ಬರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದರೂ ಆಯಿತು. ಪಿಬಿಒದ ಪ್ರತಿ ಪುಟದ್ದೂ ಒಂದೊಂದು ಇಟ್ಟುಕೊಂಡಿರಿ, ಅಪ್‌ಡೇಟ್ ಆದ ಮೇಲೆ ಅದನ್ನು ನೋಡಿಕೊಂಡು ಕೈಯಿಂದಲೇ ತುಂಬಿ, ಕೋರ್‌ಸೈಕ್ಲರನ್ನು ಇನ್ನೊಂದು ರಾತ್ರಿ ಓಡಿಸಿ.